ರಷ್ಯದ ಸೆರೆಮನೆಯ ಹಚ್ಚೆಗಳು: ಸಂಕೇತ ಮತ್ತು ಛಾಯಾಚಿತ್ರ

೧

ಮನುಷ್ಯನ ಚರ್ಮವನ್ನೇ ಬರವಣಿಗೆಯ ಹಲಗೆಯನ್ನಾಗಿ ಮಾಡಿಕೊಂಡ ಪದ್ಧತಿಗಳು ಜಗತ್ತಿನಲ್ಲಿ ಹಲವು. ಅವುಗಳಲ್ಲಿ ಸೋವಿಯತ್ ಕಾಲದ ರಷ್ಯದ ಸೆರೆಮನೆಗಳಲ್ಲಿಯೂ ಶ್ರಮಶಿಬಿರಗಳಲ್ಲಿಯೂ ಬೆಳೆದುಬಂದ ಹಚ್ಚೆಯ ಪದ್ಧತಿಗೆ ಒಂದು ವಿಶೇಷವಿದೆ. ಬೇರೆಡೆ ಹಚ್ಚೆ ಬಹುಮಟ್ಟಿಗೆ ಅಲಂಕಾರಕ್ಕೋ ಹರಕೆಗೋ ಕುಲದ ಗುರುತಿಗೋ ಸಂಬಂಧಿಸಿದ್ದು. ಇಲ್ಲಿ ಅದು ಕೈದಿಯ ಅಪರಾಧ, ಅವನು ಅನುಭವಿಸಿದ ಶಿಕ್ಷೆ, ಕಳ್ಳರ ಸಮಾಜದಲ್ಲಿ ಅವನಿಗಿರುವ ಅಂತಸ್ತು, ಒಮ್ಮೊಮ್ಮೆ ಅವನಿಗೆ ಒದಗಿದ ಅವಮಾನ, ಇವೆಲ್ಲವನ್ನೂ ಬಲ್ಲವರು ಓದುವಂತೆ ಬರೆದಿಟ್ಟ ದಾಖಲೆ.

ಈ ದಾಖಲೆ ಸೆರೆಮನೆಯ ಹೊರಗಿನ ಓದುಗರಿಗೆ ಪರಿಚಯವಾದದ್ದು ಮುಖ್ಯವಾಗಿ ಮೂವರ ಪರಿಶ್ರಮದಿಂದ. ಲೆನಿನ್‌ಗ್ರಾಡಿನ ಕ್ರೆಸ್ತಿ ಸೆರೆಮನೆಯಲ್ಲಿ ಕಾವಲಿನ ಅಧಿಕಾರಿಯಾಗಿದ್ದ ದಾಂತ್ಸಿಗ್ ಬಾಲ್ದಾಯೆವ್ ಅವರು ರೇಖಾಚಿತ್ರಗಳನ್ನು ಬರೆದರು. ಸೋವಿಯತ್ ಗೃಹಖಾತೆಯಲ್ಲಿ ಅಪರಾಧ ಪರಿಶೋಧನೆಯ ತಜ್ಞರಾಗಿದ್ದ ಅರ್ಕಾದಿ ಬ್ರೊನ್ನಿಕೋವ್ ಅವರು ಪೋಲೀಸರ ಬಳಕೆಗಾಗಿ ಛಾಯಾಚಿತ್ರಗಳನ್ನು ಶೇಖರಿಸಿದರು. ಚೆಲ್ಯಾಬಿನ್‌ಸ್ಕ್ ನಗರದ ಸಂಜೆಪತ್ರಿಕೆಯೊಂದರ ಛಾಯಾಗ್ರಾಹಕರಾಗಿದ್ದ ಸೆರ್ಗೇಯ್ ವಾಸಿಲ್ಯೆವ್ ಅವರು ೧೯೮೯ರಿಂದ ೧೯೯೩ರವರೆಗೆ ಕೈದಿಗಳ ಭಾವಚಿತ್ರಗಳನ್ನು ತೆಗೆದರು. ಲಂಡನ್ನಿನ ಫ್ಯುಯೆಲ್ ಎಂಬ ಪ್ರಕಾಶನ ಸಂಸ್ಥೆಯ ಪ್ರಯತ್ನದಿಂದ ಬಾಲ್ದಾಯೆವ್ ಅವರ ಚಿತ್ರಗಳೂ ವಾಸಿಲ್ಯೆವ್ ಅವರ ಛಾಯಾಚಿತ್ರಗಳೂ ಕೂಡಿ ರಷ್ಯದ ಅಪರಾಧಿ ಹಚ್ಚೆಗಳ ವಿಶ್ವಕೋಶವೆಂಬ ಹೆಸರಿನಲ್ಲಿ ೨೦೦೩, ೨೦೦೬ ಮತ್ತು ೨೦೦೮ರಲ್ಲಿ ಮೂರು ಸಂಪುಟಗಳಾಗಿ ಹೊರಬಂದುವು. ಬ್ರೊನ್ನಿಕೋವ್ ಅವರ ಸಂಗ್ರಹ ೨೦೧೪ರಲ್ಲಿ ಪುಸ್ತಕರೂಪವನ್ನು ತಾಳಿತು.

ಈ ಪುಸ್ತಕಗಳನ್ನು ಓದುವ ಬಗೆ ಹೇಗೆ ಎಂಬುದೇ ಪ್ರಕೃತ ಲೇಖನದ ವಿಷಯ. ಅವುಗಳನ್ನು ನಿಘಂಟಿನಂತೆ ಬಳಸುವುದು ಈಗ ವಾಡಿಕೆಯಾಗಿದೆ: ಇಂಥ ಚಿತ್ರಕ್ಕೆ ಇಂಥ ಅರ್ಥ ಎಂದು ಪಟ್ಟಿ ಮಾಡಿದರೆ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಈ ಭಾವನೆ ಸಾಲದೆಂಬುದು ನಮ್ಮ ಅಭಿಪ್ರಾಯ. ಸೆರೆಮನೆಯ ಹಚ್ಚೆ ಕೇವಲ ಅರ್ಥವುಳ್ಳ ಚಿಹ್ನೆಯಲ್ಲ. ತೊಟ್ಟವನು ಇತರರ ಮುಂದೆ ಉತ್ತರ ಹೇಳಬೇಕಾದ ಮಾತು. ಛಾಯಾಚಿತ್ರ ಆ ಮಾತನ್ನು ಉಳಿಸುತ್ತದೆ, ಉತ್ತರ ಹೇಳಬೇಕಾದ ಸನ್ನಿವೇಶವನ್ನು ಕಳೆಯುತ್ತದೆ. ಹೀಗಿರಲು, ಕಳೆದುಹೋದುದನ್ನು ತುಂಬಿಕೊಡುವ ಹೊಣೆ ನೋಡುವವನ ಮೇಲೆ ಬೀಳುತ್ತದೆ.

೨

ಮೊದಲು ಹೆಸರಿನ ವಿಚಾರ. ಕನ್ನಡದ ‘ಹಚ್ಚೆ’ ಎಂಬ ಮಾತು ‘ಪಚ್ಚೆ’ ಎಂಬುದರ ರೂಪಾಂತರ. ಚರ್ಮದ ಕೆಳಗೆ ನಿಂತ ಹಸಿರು ಬಣ್ಣವನ್ನು ಅದು ಹೇಳುತ್ತದೆ. ರಷ್ಯದ ಸೆರೆಮನೆಯವರು ಬಳಸುವ ‘ನಕೋಲ್ಕಾ’ ಎಂಬ ಮಾತು ಚುಚ್ಚು ಎಂಬರ್ಥದ ಧಾತುವಿನಿಂದ ಬಂದುದು. ನಮ್ಮ ಮಾತು ಕಣ್ಣಿಗೆ ಕಾಣುವ ಫಲವನ್ನು ಹೆಸರಿಸಿದರೆ ಅವರ ಮಾತು ನೋವುಂಟುಮಾಡುವ ಕ್ರಿಯೆಯನ್ನು ಹೆಸರಿಸುತ್ತದೆ. ಈ ವ್ಯತ್ಯಾಸ ಆಕಸ್ಮಿಕವಾದರೂ ನಮ್ಮ ವಿಷಯಕ್ಕೆ ತಕ್ಕುದಾಗಿದೆ. ಯಾಕೆಂದರೆ ಇಲ್ಲಿ ಚುಚ್ಚಿದವರು ಯಾರು ಎಂಬುದು ಮುಖ್ಯವಾದ ಪ್ರಶ್ನೆ.

ರಷ್ಯದಲ್ಲಿ ಅಪರಾಧಿಯ ಮೈಮೇಲೆ ಮೊದಲು ಬರೆದದ್ದು ಅಪರಾಧಿಯಲ್ಲ, ಪ್ರಭುತ್ವ. ೧೮ನೆಯ ಶತಮಾನದಲ್ಲಿ ‘ವೋರ್’ ಎಂಬ ಶಬ್ದದ ಮೂರು ಅಕ್ಷರಗಳನ್ನು ಶಿಕ್ಷಿತನ ಹಣೆ ಮತ್ತು ಎರಡು ಕೆನ್ನೆಗಳ ಮೇಲೆ ಒತ್ತುವ ಪದ್ಧತಿಯಿದ್ದಿತು. ಸೂಜಿಗಳನ್ನು ಅಕ್ಷರದ ಆಕಾರದಲ್ಲಿ ಜೋಡಿಸಿದ ಮುದ್ರೆಯಿಂದ ಚರ್ಮವನ್ನು ಚುಚ್ಚಿ ಗಾಯಕ್ಕೆ ಮದ್ದಿನ ಪುಡಿಯನ್ನು ತಿಕ್ಕುತ್ತಿದ್ದರು. ಇದು ಬರೆಯಲ್ಲ, ವಸ್ತುತಃ ಹಚ್ಚೆಯೇ. ೧೯ನೆಯ ಶತಮಾನದ ನಡುಭಾಗದಲ್ಲಿ ಈ ಅಕ್ಷರಗಳ ಬದಲು ಕಠಿನ ಶ್ರಮದ ಶಿಕ್ಷೆಗೊಳಗಾದವನೆಂಬುದನ್ನು ಸೂಚಿಸುವ ‘ಕಾತ್’ ಎಂಬ ಅಕ್ಷರಗಳು ಬಂದುವು. ೧೮೬೩ರಲ್ಲಿ ಈ ಕ್ರೂರ ಪದ್ಧತಿ ರದ್ದಾಯಿತು. ಓಮ್‌ಸ್ಕ್ ಕೋಟೆಯ ಸೆರೆಯಲ್ಲಿ ೧೮೫೦ರಿಂದ ೧೮೫೪ರವರೆಗೆ ಇದ್ದ ದೊಸ್ತೊಯೆವ್‌ಸ್ಕಿಯವರು ತಮ್ಮ ಸೆರೆವಾಸದ ಕೃತಿಯಲ್ಲಿ ಇಂಥ ಮುದ್ರೆ ಹೊತ್ತ ಮುಖಗಳನ್ನು ಚಿತ್ರಿಸಿದ್ದಾರೆ. ಪ್ರಭುತ್ವದ ಈ ಬುದ್ಧಿ ರಷ್ಯಕ್ಕೆ ಮಾತ್ರ ಸೀಮಿತವಾದುದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ ಬಂಗಾಳದಲ್ಲಿ ಶಿಕ್ಷಿತರ ಹಣೆಯ ಮೇಲೆ ‘ಗೋದ್ನಾ’ ಎಂಬ ಹಚ್ಚೆಯನ್ನು ಚುಚ್ಚುವ ಶಿಕ್ಷೆ ಬಳಕೆಯಲ್ಲಿದ್ದು ೧೮೪೯ರಲ್ಲಿ ನಿಂತಿತು. ಹಳ್ಳಿಯ ಹೆಂಗಸರ ಅಲಂಕಾರದ ಹೆಸರನ್ನೇ ಆಳುವವರು ಶಿಕ್ಷೆಗೆ ಎರವಲು ಪಡೆದದ್ದು ಗಮನಿಸತಕ್ಕ ಸಂಗತಿ.

‘ವೋರ್’ ಎಂಬ ಶಬ್ದದ ಮುಂದಿನ ಚರಿತ್ರೆ ಕುತೂಹಲಕರವಾಗಿದೆ. ಹಳೆಯ ರಷ್ಯನ್ ಭಾಷೆಯಲ್ಲಿ ಅದಕ್ಕೆ ದುಷ್ಟ, ದ್ರೋಹಿ ಎಂಬ ವಿಶಾಲವಾದ ಅರ್ಥವಿದ್ದಿತು. ೧೭ನೆಯ ಶತಮಾನದ ಆರಂಭದಲ್ಲಿ ಸಿಂಹಾಸನಕ್ಕೆ ಸುಳ್ಳು ಹಕ್ಕು ಹೂಡಿದವನೊಬ್ಬನನ್ನು ತುಷಿನೊದ ‘ವೋರ್’ ಎಂದೇ ಕರೆದರು. ಅನಂತರ ಅರ್ಥ ಸಂಕೋಚಗೊಂಡು ಕಳ್ಳನೆಂದಷ್ಟೇ ಉಳಿಯಿತು. ಸೋವಿಯತ್ ಶಿಬಿರಗಳಲ್ಲಿ ೧೯೩೦ರ ದಶಕದ ಹೊತ್ತಿಗೆ ರೂಪುಗೊಂಡ ಕಳ್ಳರ ಸಮಾಜದಲ್ಲಿ ಇದೇ ಶಬ್ದ ಅತ್ಯುಚ್ಚ ಬಿರುದಾಯಿತು. ಆ ಸಮಾಜದ ಕಟ್ಟಳೆಗೆ ಬದ್ಧನಾದವನು ‘ಕಟ್ಟಳೆಯ ಕಳ್ಳ’. ಅವನು ಸರಕಾರಕ್ಕೆ ದುಡಿಯಕೂಡದು, ಅಧಿಕಾರಿಗಳಿಗೆ ನೆರವಾಗಕೂಡದು, ಸೈನ್ಯಕ್ಕೆ ಸೇರಕೂಡದು, ಸಂಸಾರವನ್ನು ಕಟ್ಟಿಕೊಳ್ಳಕೂಡದು. ಪ್ರಭುತ್ವ ಒಂದು ಕಾಲಕ್ಕೆ ಹಣೆಯ ಮೇಲೆ ಕಳಂಕವಾಗಿ ಒತ್ತಿದ ಶಬ್ದವನ್ನು ಕಳ್ಳನು ಎದೆಯ ಮೇಲೆ ಗೌರವವಾಗಿ ತಾನೇ ಚುಚ್ಚಿಸಿಕೊಂಡನು. ಈ ವಿಪರ್ಯಾಸವೇ ಇಡೀ ಪದ್ಧತಿಯ ಬೀಜವೆಂದು ಹೇಳಬಹುದಾಗಿದೆ.

೩

ಈಗ ಸಂಕೇತಗಳ ಸ್ವರೂಪವನ್ನು ಸಂಗ್ರಹವಾಗಿ ನೋಡೋಣ. ಎಣಿಕೆಯ ಸಂಕೇತಗಳಲ್ಲಿ ಪ್ರಸಿದ್ಧವಾದುದು ಗುಮ್ಮಟಗಳುಳ್ಳ ಇಗರ್ಜಿ. ಎದೆ ಅಥವಾ ಬೆನ್ನಿನ ಮೇಲಿನ ಇಗರ್ಜಿಗೆ ಎಷ್ಟು ಗುಮ್ಮಟಗಳಿವೆಯೋ ಅಷ್ಟು ಸಲ ಅವನು ಶಿಕ್ಷೆಗೆ ಗುರಿಯಾಗಿದ್ದಾನೆಂದು ಅರ್ಥ. ಅಂತಸ್ತಿನ ಸಂಕೇತಗಳಲ್ಲಿ ಭುಜದೆಲುಬಿನ ಕೆಳಗಿನ ನಕ್ಷತ್ರಗಳು ಅಧಿಕಾರವನ್ನು ಸೂಚಿಸುತ್ತವೆ. ಅವೇ ನಕ್ಷತ್ರಗಳು ಮಂಡಿಗಳ ಮೇಲಿದ್ದರೆ ತಾನು ಯಾರ ಮುಂದೆಯೂ ಮಂಡಿಯೂರುವವನಲ್ಲವೆಂಬ ಘೋಷಣೆ. ಬೆಕ್ಕು ಕಳ್ಳನ ಚಾತುರ್ಯದ ಕುರುಹು. ಮಾತೆ ಮೇರಿಯೂ ಶಿಶುವೂ ಬಾಲ್ಯದಿಂದಲೇ ಕಳ್ಳರ ಕುಲಕ್ಕೆ ಸೇರಿದವನೆಂಬುದರ ಕುರುಹು. ಬೆರಳುಗಳ ಮೇಲೆ ಚುಚ್ಚಿದ ಉಂಗುರಗಳು ಅವನ ಪೂರ್ವಚರಿತ್ರೆಯ ಸಂಕ್ಷೇಪ. ಕೋಟು ಕೈಗವಸುಗಳ ಚಳಿದೇಶದಲ್ಲಿಯೂ ಮೊದಲು ಕಣ್ಣಿಗೆ ಬೀಳುವ ಭಾಗ ಕೈಯಾದ್ದರಿಂದ ಅಪರಿಚಿತರು ಮೊದಲು ಓದುವ ಪುಟವೂ ಅದೇ.

ಎರಡನೆಯ ಬಗೆ ಅಕ್ಷರಸಂಕ್ಷೇಪಗಳದು. ನೋಡುವುದಕ್ಕೆ ಸಾಧುವಾದ ಶಬ್ದವೊಂದು ಒಳಗೆ ಬೇರೆ ವಾಕ್ಯವನ್ನು ಅಡಗಿಸಿಕೊಂಡಿರುತ್ತದೆ. ಬೆಕ್ಕು ಎಂಬರ್ಥದ ‘ಕೋತ್’ ಸೆರೆಮನೆಯ ಮೂಲನಿವಾಸಿ ಎಂಬ ಮಾತಿನ ಮೊದಲಕ್ಷರಗಳು. ಶಾಂತಿ ಎಂಬರ್ಥದ ‘ಮಿರ್’ ಗುಂಡೇಟೊಂದೇ ನನ್ನನ್ನು ತಿದ್ದೀತು ಎಂಬ ವಾಕ್ಯದ ಸಂಕ್ಷೇಪ. ಸೋವಿಯತ್ ಪ್ರಭುತ್ವ ಗೋಡೆಗೋಡೆಯ ಮೇಲೆ ಬರೆಯಿಸಿದ ಶಾಂತಿಯೆಂಬ ಶಬ್ದವೇ ಹೀಗೆ ಆ ಪ್ರಭುತ್ವದ ತಿದ್ದುಪಡಿಯ ನೀತಿಯನ್ನು ಅಣಕಿಸುವ ಮಾತಾಯಿತು. ಲೆನಿನ್ನರ ಮುಖಚಿತ್ರದ ಕೆಳಗೆ ‘ವೋರ್’ ಎಂದು ಬರೆಸಿಕೊಳ್ಳುತ್ತಿದ್ದುದು ಇದಕ್ಕಿಂತಲೂ ಸೂಕ್ಷ್ಮವಾದುದು. ಅಕ್ಟೋಬರ್ ಕ್ರಾಂತಿಯ ನಾಯಕ ಎಂಬುದರ ಮೊದಲಕ್ಷರಗಳು ರಷ್ಯನ್ನಿನಲ್ಲಿ ಅದೇ ಆಗುತ್ತವೆ. ಅಧಿಕಾರಿ ಪ್ರಶ್ನಿಸಿದರೆ ಭಕ್ತಿ, ಗೆಳೆಯ ಓದಿದರೆ ಬೈಗಳು. ಲೆನಿನ್ ಅಥವಾ ಸ್ತಾಲಿನರ ಮುಖ ಎದೆಯ ಮೇಲಿದ್ದರೆ ಗುಂಡಿಡುವ ದಳ ಹಿಂಜರಿಯುವುದೆಂಬ ನಂಬಿಕೆಯೂ ಇದ್ದಿತು. ಮರಣದಂಡನೆಯನ್ನು ಸಾಮಾನ್ಯವಾಗಿ ತಲೆಯ ಹಿಂಭಾಗಕ್ಕೆ ಗುಂಡಿಟ್ಟು ಜಾರಿಗೊಳಿಸುತ್ತಿದ್ದ ದೇಶದಲ್ಲಿ ಎದೆಯ ಮೇಲಿನ ಚಿತ್ರ ಯಾರನ್ನೂ ಉಳಿಸಲಾರದು. ಆದರೆ ಪ್ರಭುತ್ವದ ವಿಗ್ರಹವನ್ನೇ ಪ್ರಭುತ್ವಕ್ಕೆದುರಾಗಿ ರಕ್ಷೆಯಂತೆ ಹಿಡಿಯಬಹುದೆಂಬ ಆಸೆಯನ್ನು ಅದು ತಿಳಿಸುತ್ತದೆ.

ಇಷ್ಟರಮಟ್ಟಿಗೆ ನಿಘಂಟು ನಮಗೆ ನೆರವಾಗುತ್ತದೆ. ಅದು ಹೇಳದಿರುವುದು ಈ ಸಂಕೇತಗಳ ಹಿಂದಿನ ಕಟ್ಟುಪಾಡು. ಹೊಸದಾಗಿ ಸೆರೆಕೋಣೆಗೆ ಬಂದವನನ್ನು ಅಲ್ಲಿನ ಹಿರಿಯರು ಕೇಳುತ್ತಿದ್ದ ಪ್ರಶ್ನೆ, ನಿನ್ನ ಹಚ್ಚೆಗಳಿಗೆ ನೀನು ಉತ್ತರ ಹೇಳುತ್ತೀಯೋ ಎಂಬುದು. ಯೋಗ್ಯತೆಯಿಲ್ಲದೆ ನಕ್ಷತ್ರವನ್ನು ತೊಟ್ಟವನು ಅದನ್ನು ಗಾಜಿನ ಚೂರಿನಿಂದಲೋ ಉಪ್ಪುಕಾಗದದಿಂದಲೋ ಇಟ್ಟಿಗೆಯಿಂದಲೋ ಚರ್ಮಸಮೇತ ತೆಗೆಯಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚಿನ ಶಿಕ್ಷೆಯೂ ಉಂಟು. ಭಾಷೆಯಲ್ಲಿ ಸುಳ್ಳು ಹೇಳುವುದು ಸುಲಭ, ಏಕೆಂದರೆ ಮಾತು ಗಾಳಿಯಲ್ಲಿ ಹೋಗುತ್ತದೆ. ಈ ಭಾಷೆಯಲ್ಲಿ ಸುಳ್ಳಿಗೆ ಚರ್ಮವೇ ದಂಡ. ರಷ್ಯದ ಹಳೆಯ ಸಾಹಿತ್ಯದ ಮಹಾವಿದ್ವಾಂಸರೆನಿಸಿದ ದ್ಮಿತ್ರಿ ಲಿಖಚೋವ್ ಅವರು ೧೯೨೮ರಲ್ಲಿ ಬಂಧಿತರಾಗಿ ಸೊಲೊವ್ಕಿ ದ್ವೀಪದ ಶಿಬಿರದಲ್ಲಿದ್ದಾಗಲೇ ಅಪರಾಧಿಗಳ ಇಸ್ಪೀಟಾಟವನ್ನು ಕುರಿತು ಲೇಖನ ಬರೆದರು. ೧೯೩೫ರಲ್ಲಿ ಕಳ್ಳರ ಮಾತಿನ ಬಗೆಗೆ ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದರು. ಕಳ್ಳರ ಬಾಯಲ್ಲಿ ಶಬ್ದ ಅರ್ಥವನ್ನು ತಿಳಿಸುವ ಸಾಧನವಾಗಿರುವುದಕ್ಕಿಂತ ಹೆಚ್ಚಾಗಿ ಮಾಂತ್ರಿಕ ಶಕ್ತಿಯುಳ್ಳ ಕ್ರಿಯೆಯಾಗಿರುತ್ತದೆ, ತಪ್ಪು ಶಬ್ದ ಕೇಡನ್ನು ತರುತ್ತದೆಂಬ ಭಯ ಅವರಲ್ಲಿದೆ, ಎಂಬುದು ಅವರ ವಿವೇಚನೆಯ ಸಾರ. ಅವರು ಮಾತಿಗೆ ಹೇಳಿದುದು ಹಚ್ಚೆಗೂ ಅನ್ವಯಿಸುತ್ತದೆ.

೪

ನಿಘಂಟಿನ ರೀತಿ ಪೂರ್ಣವಾಗಿ ಸೋಲುವುದು ಬಲಾತ್ಕಾರದ ಹಚ್ಚೆಗಳ ಮುಂದೆ. ಜೂಜಿನಲ್ಲಿ ಸೋತು ಸಾಲ ತೀರಿಸಲಾರದವನು, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದನೆಂಬ ಶಂಕೆಗೆ ಗುರಿಯಾದವನು, ಇತರ ಕೈದಿಗಳ ಕಾಮಕ್ಕೆ ಬಲಿಯಾದವನು, ಇಂಥವರ ಮೈಮೇಲೆ ಅವರ ಇಚ್ಛೆಗೆ ವಿರುದ್ಧವಾಗಿ ಗುರುತುಗಳನ್ನು ಚುಚ್ಚುತ್ತಿದ್ದರು. ಇಸ್ಪೀಟಿನ ಎಲೆಗಳಲ್ಲಿ ಇಸ್ಪೀಟು ಮತ್ತು ಕಳಾವರ ಎಂಬ ಕಪ್ಪು ಬಣ್ಣದವು ಕಳ್ಳನಿಗೆ ಮರ್ಯಾದೆಯ ಚಿಹ್ನೆಗಳು. ಆಟೀನು ಮತ್ತು ಡೈಮನ್ ಎಂಬ ಕೆಂಪು ಬಣ್ಣದವು ಬಲಾತ್ಕಾರವಾಗಿ ಚುಚ್ಚಲ್ಪಟ್ಟಾಗ ನೀಚತ್ವದ ಮುದ್ರೆಗಳು. ಅವನ್ನು ಹೊತ್ತವನು ಮುಂದೆ ಯಾವ ಸೆರೆಮನೆಗೆ ಹೋದರೂ ಅವನಿಗಿಂತ ಮೊದಲು ಅವನ ಮೈ ಮಾತನಾಡುತ್ತದೆ.

ಇಲ್ಲಿ ನಿಲ್ಲಬೇಕಾಗಿದೆ. ನಿಘಂಟು ‘ಡೈಮನ್: ಚಾಡಿಕೋರ’ ಎಂದು ಬರೆಯುತ್ತದೆ. ಆದರೆ ಆ ಹಚ್ಚೆಯ ಅರ್ಥ ಅದಲ್ಲ. ಇವನನ್ನು ಚಾಡಿಕೋರನೆಂದು ತೀರ್ಮಾನಿಸುವ ಬಲ ಕೆಲವರಿಗೆ ಇದ್ದಿತು ಎಂಬುದೇ ಅದರ ಅರ್ಥ. ಮೊದಲನೆಯದು ಹೊತ್ತವನ ಮೇಲಿನ ಆರೋಪ, ಎರಡನೆಯದು ಬರೆದವರ ಮೇಲಿನ ಸಾಕ್ಷ್ಯ. ಆರೋಪವನ್ನೇ ಅರ್ಥವೆಂದು ಹಿಡಿಯುವ ಓದುಗನು ತಿಳಿಯದೆಯೇ ಹಿಂಸಕನ ಪಕ್ಷವನ್ನು ವಹಿಸುತ್ತಾನೆ. ಪ್ರಭುತ್ವ ಹಣೆಯ ಮೇಲೆ ಒತ್ತುತ್ತಿದ್ದ ಮುದ್ರೆ ೧೮೬೩ರಲ್ಲಿ ನಿಂತಿತೆಂದು ಮೇಲೆ ಹೇಳಿದೆವು. ಅದನ್ನು ಕಳ್ಳರ ಸಮಾಜ ತನ್ನದೇ ದುರ್ಬಲರ ಮೇಲೆ ಮತ್ತೆ ಜಾರಿಗೆ ತಂದಿತು ಎಂಬುದನ್ನು ಮರೆಯಲಾಗದು. ಈ ಪದ್ಧತಿ ಪ್ರಭುತ್ವಕ್ಕೆ ವಿರೋಧವೆಂಬುದು ನಿಜ. ತನ್ನ ವ್ಯಾಪ್ತಿಯಲ್ಲಿ ತಾನೂ ಒಂದು ಪ್ರಭುತ್ವವೆಂಬುದೂ ಅಷ್ಟೇ ನಿಜ.

ಮೂರನೆಯ ಬಗೆಯ ಉದಾಹರಣೆಯೊಂದಿದೆ. ೧೯೬೦ರ ದಶಕದ ಶಿಬಿರಗಳನ್ನು ಕುರಿತು ಬರೆದ ಅನತೋಲಿ ಮಾರ್ಚೆಂಕೋ ಅವರು, ಕೆಲವು ಕೈದಿಗಳು ತಾವು ಆಡಳಿತ ಪಕ್ಷದ ಗುಲಾಮರೆಂಬ ಮಾತನ್ನು ಹಣೆ ಕೆನ್ನೆಗಳ ಮೇಲೆ ಚುಚ್ಚಿಸಿಕೊಳ್ಳುತ್ತಿದ್ದುದನ್ನೂ ಆ ಚರ್ಮವನ್ನು ಶಸ್ತ್ರಕ್ರಿಯೆಯಿಂದ ಕತ್ತರಿಸಿ ತೆಗೆಸುತ್ತಿದ್ದುದನ್ನೂ ದಾಖಲಿಸಿದ್ದಾರೆ. ಇಲ್ಲಿ ಬರೆದುಕೊಂಡವನು ತಾನೇ; ಓದಬೇಕಾದವನು ಸಹಕೈದಿಯಲ್ಲ, ಅಧಿಕಾರಿ. ಉತ್ತರವಾಗಿ ಬಂದುದು ಕತ್ತಿ. ಒಂದೇ ಚರ್ಮ, ಒಂದೇ ಮಸಿ, ಒಂದೇ ಸೂಜಿ. ಆದರೆ ಬರೆದವರೂ ಓದುವವರೂ ಬೇರೆಯಾದರೆ ಮಾತೇ ಬೇರೆಯಾಗುತ್ತದೆ.

೫

ಇನ್ನು ಸಂಗ್ರಾಹಕರ ವಿಚಾರ. ಅಪರಾಧಿಗಳ ಹಚ್ಚೆಯನ್ನು ದಾಖಲಿಸುವ ಅಭ್ಯಾಸಕ್ಕೆ ಯೂರೋಪಿನಲ್ಲಿ ಹಳೆಯ ಚರಿತ್ರೆಯಿದೆ. ಇಟಲಿಯ ಲೊಂಬ್ರೊಸೊ ಅವರು ೧೮೭೬ರ ತಮ್ಮ ಗ್ರಂಥದಲ್ಲಿ ಹಚ್ಚೆಯನ್ನು ಹುಟ್ಟು ಅಪರಾಧಿಯ ಆದಿಮ ಪ್ರವೃತ್ತಿಯ ಲಕ್ಷಣವೆಂದು ಎಣಿಸಿದರು. ಫ್ರಾನ್ಸಿನ ಲಕಸಾಞ್ ಅವರು ಸೈನಿಕರ ಮತ್ತು ಶಿಕ್ಷಿತರ ಹಚ್ಚೆಗಳನ್ನು ಪಾರದರ್ಶಕ ಬಟ್ಟೆಯ ಮೇಲೆ ಯಥಾವತ್ತಾಗಿ ಎತ್ತಿಕೊಂಡು ೧೮೮೧ರಲ್ಲಿ ಅಧ್ಯಯನವನ್ನು ಪ್ರಕಟಿಸಿದರು. ಇವರಿಬ್ಬರಿಗೂ ಹಚ್ಚೆ ಒಂದು ಲಕ್ಷಣ. ವೈದ್ಯನು ನಾಡಿಯನ್ನು ನೋಡುವಂತೆ ಅವರು ಚರ್ಮವನ್ನು ನೋಡಿದರು. ರಷ್ಯದ ಸಂಗ್ರಾಹಕರ ಹೆಚ್ಚುಗಾರಿಕೆಯೆಂದರೆ ಅದನ್ನು ಭಾಷೆಯೆಂದು ಗುರುತಿಸಿದ್ದು.

ಬಾಲ್ದಾಯೆವ್ ಅವರು ೧೯೨೫ರಲ್ಲಿ ಬುರ್ಯಾತಿಯದ ಉಲಾನ್-ಉದೆಯಲ್ಲಿ ಹುಟ್ಟಿದರು. ತಂದೆ ಬುರ್ಯಾತ್ ಜನರ ಜಾನಪದದ ವಿದ್ವಾಂಸರು; ಜನವೈರಿಯೆಂಬ ಆಪಾದನೆಗೆ ಗುರಿಯಾದವರು. ಅಂಥ ತಂದೆಯ ಮಗ ಅನಾಥಾಲಯದಲ್ಲಿ ಬೆಳೆದು, ೧೯೪೮ರಿಂದ ಕ್ರೆಸ್ತಿ ಸೆರೆಮನೆಯಲ್ಲಿ ಉದ್ಯೋಗಕ್ಕೆ ನಿಂತು, ತಂದೆಯ ಪ್ರೇರಣೆಯಿಂದಲೇ ಕೈದಿಗಳ ಹಚ್ಚೆಗಳನ್ನು ಬರೆದಿಡತೊಡಗಿದರು. ಮೂರು ಸಾವಿರಕ್ಕೂ ಮಿಕ್ಕ ಚಿತ್ರಗಳು ಅವರ ಕೈಯಿಂದ ಆದುವು. ೨೦೦೫ರಲ್ಲಿ ಅವರು ತೀರಿಕೊಂಡರು. ಜಾನಪದ ಸಂಗ್ರಾಹಕನ ಗುಣಗಳೆಲ್ಲ ಅವರಲ್ಲಿವೆ: ತಾಳ್ಮೆ, ವರ್ಗೀಕರಣದ ಶ್ರದ್ಧೆ, ಹೇಳಿದವನ ಮಾತನ್ನು ಚಿತ್ರದೊಡನೆ ಬರೆದಿಡುವ ಎಚ್ಚರ. ಆದರೆ ರೇಖಾಚಿತ್ರಕ್ಕೆ ತನ್ನದೇ ಮಿತಿಯಿದೆ. ಅದು ಚಿಹ್ನೆಯನ್ನು ಮೈಯಿಂದ ಬೇರ್ಪಡಿಸಿ ಶುದ್ಧಗೊಳಿಸುತ್ತದೆ. ಕಾಗದದ ಮೇಲೆ ರೇಖೆ ಸ್ಪಷ್ಟ, ಅಕ್ಷರ ನೇರ. ಸುಟ್ಟ ರಬ್ಬರಿನ ಕಾಡಿಗೆಯನ್ನು ಮೂತ್ರದಲ್ಲಿ ಕಲಸಿ, ಕ್ಷೌರದ ವಿದ್ಯುತ್ ಯಂತ್ರಕ್ಕೆ ಗಿಟಾರಿನ ತಂತಿಯನ್ನು ಕಟ್ಟಿ ಮಾಡಿಕೊಂಡ ಸೂಜಿಯಿಂದ ಚುಚ್ಚಿದ ಹಚ್ಚೆ ಎಂದಿಗೂ ಅಷ್ಟು ನೇರವಾಗಿರಲಾರದು.

ಬ್ರೊನ್ನಿಕೋವ್ ಅವರ ಉದ್ದೇಶ ಬೇರೆ. ೧೯೬೦ರ ದಶಕದ ನಡುಭಾಗದಿಂದ ೧೯೮೦ರ ದಶಕದ ನಡುಭಾಗದವರೆಗೆ ಅವರು ಊರಾಲ್ ಮತ್ತು ಸೈಬೀರಿಯ ಪ್ರಾಂತಗಳ ಶಿಬಿರಗಳಿಗೆ ಹೋಗಿ, ಕೈದಿಗಳನ್ನು ಕಂಡು ಮಾತನಾಡಿಸಿ, ಹಚ್ಚೆಗಳ ಚಿತ್ರ ತೆಗೆದರು. ಅವು ಪ್ರದರ್ಶನಕ್ಕಾಗಿ ತೆಗೆದವಲ್ಲ. ಅಪರಾಧಿಯನ್ನೋ ಶವವನ್ನೋ ಗುರುತಿಸಲು ಪೋಲೀಸರಿಗೆ ಬೇಕಾದ ಸಾಮಗ್ರಿ. ಆದ್ದರಿಂದ ಹಲವು ಚಿತ್ರಗಳಲ್ಲಿ ಕಾಣುವುದು ಒಂದು ಕೈ, ಒಂದು ಎದೆ, ಎರಡು ಮಂಡಿ. ಬೆಳಕು ಸಾಲದಿದ್ದರೂ, ಹಿನ್ನೆಲೆ ಒರಟಾಗಿದ್ದರೂ ಛಾಯಾಗ್ರಾಹಕನಿಗೆ ಚಿಂತೆಯಿಲ್ಲ. ಈ ನಿರ್ಲಕ್ಷ್ಯವೇ ಅವುಗಳ ಬೆಲೆಯೂ ಆಗಿದೆ. ಚೆಲುವಿಗಾಗಿ ಏನನ್ನೂ ಮರೆಮಾಡದ ಕಾರಣ, ರೇಖಾಚಿತ್ರ ಬಿಟ್ಟುಬಿಡುವುದನ್ನು ಅವು ಹಿಡಿಯುತ್ತವೆ: ವಯಸ್ಸಾದಂತೆ ಹರಡಿದ ಮಸಿ, ಅಳಿಸಿದ ಹಚ್ಚೆಯ ಗಾಯದ ಕಲೆ, ಹಳೆಯ ಚಿಹ್ನೆಯ ಮೇಲೆ ಹೊಸ ಚಿಹ್ನೆ, ಅರ್ಧಕ್ಕೆ ನಿಂತ ಕೆಲಸ. ಎಂದರೆ ಛಾಯಾಚಿತ್ರ ಹಚ್ಚೆಗೆ ಕಾಲದ ಆಯಾಮವನ್ನು ಮರಳಿ ಕೊಡುತ್ತದೆ. ಅದಕ್ಕೆ ತೆರುವ ಬೆಲೆ ಮುಖ. ಮನುಷ್ಯ ಇಲ್ಲಿ ತನ್ನ ಗುರುತಿಗೆ ಅಂಟಿಕೊಂಡ ವಸ್ತುವಾಗಿದ್ದಾನೆ.

ವಾಸಿಲ್ಯೆವ್ ಅವರು ಕೆಲಸ ಮಾಡಿದ್ದು ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ ವರ್ಷಗಳಲ್ಲಿ. ಚೆಲ್ಯಾಬಿನ್‌ಸ್ಕ್, ಪೆರ್ಮ್, ನಿಜ್ನಿ ತಗೀಲ್, ಸೇಂಟ್ ಪೀಟರ್ಸ್‌ಬರ್ಗ್ ಮೊದಲಾದೆಡೆಗಳ ಸೆರೆಮನೆಗಳಲ್ಲಿ ತೆಗೆದ ಅವರ ಕಪ್ಪುಬಿಳುಪಿನ ಚಿತ್ರಗಳಲ್ಲಿ ಕೈದಿ ಅಂಗಿ ಕಳಚಿ ನಿಂತಿರುತ್ತಾನೆ ಅಥವಾ ಕುಳಿತಿರುತ್ತಾನೆ. ಹಲವು ಸಲ ನೇರವಾಗಿ ನಮ್ಮನ್ನೇ ನೋಡುತ್ತಿರುತ್ತಾನೆ. ಪ್ರಕಾಶಕರ ದೃಷ್ಟಿಯಲ್ಲಿ ಇವುಗಳ ಮೊದಲ ಪ್ರಯೋಜನ ಬಾಲ್ದಾಯೆವ್ ಅವರ ರೇಖಾಚಿತ್ರಗಳು ಕಲ್ಪನೆಯಲ್ಲ ಎಂಬುದಕ್ಕೆ ಸಾಕ್ಷಿಯಾಗುವುದು. ಆದರೆ ಸಾಕ್ಷಿ ಕರೆದುದಕ್ಕಿಂತ ಹೆಚ್ಚು ಹೇಳಿದೆ. ರೇಖಾಚಿತ್ರದ ಪುಟದಲ್ಲಿ ಬೇರೆಬೇರೆಯಾಗಿ ಕಾಣುವ ನಕ್ಷತ್ರ, ಇಗರ್ಜಿ, ಮಾತೆ ಮೇರಿ, ಉಂಗುರ ಇವು ಒಂದೇ ಮೈಮೇಲೆ ಒಟ್ಟಿಗೆ ಬಂದಾಗ ಪದಗಳಾಗಿರದೆ ವಾಕ್ಯವಾಗುತ್ತವೆ. ಹದಿಹರೆಯದಲ್ಲಿ ಕೈಮೇಲೆ ಬರೆಸಿಕೊಂಡ ಅನಾಡಿ ಅಕ್ಷರಗಳ ಪಕ್ಕದಲ್ಲಿ ನಡುವಯಸ್ಸಿನ ಗಂಭೀರ ಚಿತ್ರವಿರುವುದು ಕಾಣುತ್ತದೆ. ಘೋಷಣೆ ಗಟ್ಟಿ, ಕಣ್ಣು ದಣಿದದ್ದು. ಹಚ್ಚೆ ಹೇಳುವುದನ್ನು ಮುಖ ಅಲ್ಲಗಳೆಯುತ್ತಿರಬಹುದು. ಈ ವಿರೋಧವನ್ನು ತೋರಿಸಲು ಯಾವ ನಿಘಂಟಿಗೂ ಸಾಧ್ಯವಿಲ್ಲ.

೬

ಈ ಪುಸ್ತಕಗಳಿಗೆ ಎದುರಾಗಿ ಎತ್ತಬಹುದಾದ ಗಂಭೀರವಾದ ಆಕ್ಷೇಪವೊಂದನ್ನು ಪರಿಶೀಲಿಸುವುದು ಅವಶ್ಯಕ. ಕೊಲಿಮಾ ಶಿಬಿರಗಳಲ್ಲಿ ವರ್ಷಗಟ್ಟಲೆ ಸೆರೆಯನ್ನು ಅನುಭವಿಸಿದ ವರ್ಲಾಮ್ ಶಲಾಮೊವ್ ಅವರು ೧೯೫೯ರ ಸುಮಾರಿಗೆ ಬರೆದ ಅಪರಾಧ ಜಗತ್ತಿನ ಪ್ರಬಂಧಗಳಲ್ಲಿ, ಸಾಹಿತ್ಯ ಕಳ್ಳನನ್ನು ಯಾವಾಗಲೂ ವೀರನನ್ನಾಗಿ ಮಾಡಿದೆಯೆಂದು ಕಟುವಾಗಿ ಖಂಡಿಸಿದರು. ಹ್ಯೂಗೊ, ಗೋರ್ಕಿ, ಬಾಬೆಲ್ ಯಾರೂ ಅವರ ಟೀಕೆಯಿಂದ ಪಾರಾಗಲಿಲ್ಲ. ದೊಸ್ತೊಯೆವ್‌ಸ್ಕಿಯವರು ಕೂಡ ನಿಜವಾದ ವೃತ್ತಿಕಳ್ಳರನ್ನು ಕಂಡಿರಲಿಲ್ಲವೆಂಬುದು ಅವರ ವಾದ. ಶಿಬಿರದಲ್ಲಿ ರಾಜಕೀಯ ಕೈದಿಗಳ ರೊಟ್ಟಿಯನ್ನೂ ಬಟ್ಟೆಯನ್ನೂ ಪ್ರಾಣವನ್ನೂ ಕಿತ್ತುಕೊಂಡವರು ಈ ಹಚ್ಚೆಗಳ ಒಡೆಯರೇ ಎಂಬುದನ್ನು ನೆನೆದರೆ ಈ ಕೋಪ ಅರ್ಥವಾಗುತ್ತದೆ. ನುಣುಪಾದ ಕಾಗದದ ಮೇಲೆ ಅಂದವಾಗಿ ಅಚ್ಚಾದ ಹಚ್ಚೆಗಳು ಅದೇ ಹಳೆಯ ಮೋಹವನ್ನು ಹೊಸ ರೂಪದಲ್ಲಿ ಹರಡುವುದಿಲ್ಲವೆ?

ಹರಡುತ್ತವೆ ಎಂದೇ ಹೇಳಬೇಕು. ೨೦೦೭ರಲ್ಲಿ ಡೇವಿಡ್ ಕ್ರೊನೆನ್‌ಬರ್ಗ್ ಅವರು ನಿರ್ದೇಶಿಸಿದ ‘ಈಸ್ಟರ್ನ್ ಪ್ರಾಮಿಸಸ್’ ಎಂಬ ಚಲನಚಿತ್ರಕ್ಕೆ ಈ ವಿಶ್ವಕೋಶವೂ, ಅಲಿಕ್ಸ್ ಲ್ಯಾಂಬರ್ಟ್ ಅವರು ೨೦೦೦ದಲ್ಲಿ ಮುಗಿಸಿದ ಸಾಕ್ಷ್ಯಚಿತ್ರವೂ ಆಕರಗಳಾದುವು. ನಟನ ಮೈಮೇಲೆ ಬಣ್ಣದಿಂದ ಬರೆದ ನಕ್ಷತ್ರಗಳನ್ನು ಕಂಡು ಮೆಚ್ಚಿದವರು ಅವುಗಳನ್ನು ಅಲಂಕಾರವಾಗಿ ತೊಟ್ಟರೆ ಕೇಳುವವರಿಲ್ಲ. ಉತ್ತರ ಹೇಳಬೇಕಾದ ಮಾತು ಹೀಗೆ ಉತ್ತರವಿಲ್ಲದ ಅಲಂಕಾರವಾಗುತ್ತದೆ. ರಷ್ಯದಲ್ಲಿಯೂ ೧೯೯೦ರ ದಶಕದಿಂದೀಚೆಗೆ ಹಣವುಳ್ಳವನು ಬೇಕಾದ ಚಿಹ್ನೆಯನ್ನು ಬರೆಸಿಕೊಳ್ಳುವಂತಾಗಿ ಹಳೆಯ ಕಟ್ಟಳೆ ಸಡಿಲಿತು.

ಆದರೆ ಆಕ್ಷೇಪದ ಬಲವನ್ನು ಒಪ್ಪಿಕೊಂಡರೂ ಚಿತ್ರಗಳನ್ನು ಮುಚ್ಚಿಡಬೇಕೆಂಬ ನಿರ್ಣಯ ಅದರಿಂದ ಬರುವುದಿಲ್ಲ. ಶಲಾಮೊವ್ ಅವರ ವಾದ ಕಳ್ಳನನ್ನು ಚಿತ್ರಿಸುವುದಕ್ಕೆ ವಿರುದ್ಧವಾದುದಲ್ಲ, ಅವನ ಬಲಿಗಳನ್ನು ಬಿಟ್ಟು ಚಿತ್ರಿಸುವುದಕ್ಕೆ ವಿರುದ್ಧವಾದುದು. ಈ ಸಂಗ್ರಹಗಳಲ್ಲಿ ಬಲಿಗಳೂ ಇದ್ದಾರೆ. ಕೆಂಪು ಎಲೆಯನ್ನು ಹೊತ್ತವನೂ, ಮುಖದ ಮೇಲೆ ಬೈಗಳನ್ನು ಬರೆಯಿಸಿಕೊಳ್ಳಬೇಕಾಗಿ ಬಂದವನೂ ನಕ್ಷತ್ರವನ್ನು ತೊಟ್ಟವನ ಪಕ್ಕದ ಪುಟದಲ್ಲಿಯೇ ಇದ್ದಾನೆ. ಕಣ್ಣು ನಕ್ಷತ್ರದ ಮೇಲೆಯೇ ನಿಂತರೆ ಅದು ನೋಡುವವನ ದೋಷ.

ಇನ್ನೊಂದು ಪ್ರಶ್ನೆ ಅನುಮತಿಯದು. ಸೆರೆಯಲ್ಲಿರುವವನು ಅಂಗಿ ಕಳಚು ಎಂದಾಗ ಕಳಚುವುದು ಸ್ವತಂತ್ರನ ಸಮ್ಮತಿಗೆ ಸಮನಲ್ಲ. ಪೋಲೀಸರ ಛಾಯಾಚಿತ್ರಕ್ಕಂತೂ ಸಮ್ಮತಿಯ ಪ್ರಶ್ನೆಯೇ ಏಳದು. ತನ್ನ ಹೆಮ್ಮೆಯನ್ನು ಲೋಕಕ್ಕೆ ತೋರಿಸಲು ನಿಂತವನು ಛಾಯಾಗ್ರಾಹಕನೊಡನೆ ಒಂದು ಬಗೆಯ ಒಪ್ಪಂದ ಮಾಡಿಕೊಂಡಿದ್ದಾನೆಂದು ವಾದಿಸಬಹುದು. ಆದರೆ ಬಲಾತ್ಕಾರದಿಂದ ಮುದ್ರಿತನಾದವನ ಚಿತ್ರ ತೆಗೆದಾಗ ಆ ಮುದ್ರೆ ಎರಡನೆಯ ಸಲ ಒತ್ತಲ್ಪಡುತ್ತದೆ. ಮೊದಲು ಒಂದು ಸೆರೆಕೋಣೆಗೆ ಕಾಣುತ್ತಿದ್ದುದು ಈಗ ಜಗತ್ತಿಗೆಲ್ಲ ಕಾಣುತ್ತದೆ. ಈ ಅಪಾಯ ಚಿತ್ರದಲ್ಲಿಯೇ ಅಡಗಿದ್ದು, ಒಳ್ಳೆಯ ಉದ್ದೇಶದಿಂದ ತೊಡೆದುಹೋಗುವಂಥದಲ್ಲ. ಅದನ್ನು ಕಡಿಮೆ ಮಾಡುವ ದಾರಿ ಒಂದೇ: ಆ ಮುದ್ರೆಯನ್ನು ಹೊತ್ತವನ ಗುಣವೆಂದು ಓದದೆ ಅವನಿಗಾದ ಅನ್ಯಾಯವೆಂದು ಓದುವುದು.

೭

ಈವರೆಗಿನ ವಿವೇಚನೆಯಿಂದ ಫಲಿತವಾಗುವುದನ್ನು ಹೀಗೆ ಸಂಗ್ರಹಿಸಬಹುದು. ಸೆರೆಮನೆಯ ಹಚ್ಚೆಯ ಮುಂದೆ ನಿಂತ ಅಭ್ಯಾಸಿ ಇದರ ಅರ್ಥವೇನು ಎಂದು ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಬರೆದವರು ಯಾರು? ಯಾರ ಕಣ್ಣಿಗಾಗಿ ಬರೆದರು? ಇದು ಸುಳ್ಳೆಂದು ಕಂಡುಬಂದರೆ ದಂಡ ತೆರುವವರು ಯಾರು? ಈ ಮೂರಕ್ಕೂ ಉತ್ತರ ದೊರೆತಲ್ಲಿ ಅರ್ಥ ತಾನಾಗಿ ತಿಳಿಯುತ್ತದೆ. ದೊರೆಯದಲ್ಲಿ ನಿಘಂಟಿನ ಅರ್ಥವನ್ನು ತಾತ್ಕಾಲಿಕವೆಂದು ಭಾವಿಸಬೇಕು.

ಅಂತೆಯೇ ಮೂವರು ಸಂಗ್ರಾಹಕರಲ್ಲಿ ಯಾರೊಬ್ಬರೂ ಒಂಟಿಯಾಗಿ ಸಾಲರು. ಬಾಲ್ದಾಯೆವ್ ಅವರಿಂದ ಚಿಹ್ನೆಯ ಅರ್ಥ ದೊರೆಯುತ್ತದೆ, ಬ್ರೊನ್ನಿಕೋವ್ ಅವರಿಂದ ಚಿಹ್ನೆಯ ವಯಸ್ಸು, ವಾಸಿಲ್ಯೆವ್ ಅವರಿಂದ ಚಿಹ್ನೆಯನ್ನು ಹೊತ್ತ ಮನುಷ್ಯ. ಕಾವಲುಗಾರ, ಪೋಲೀಸ್ ತಜ್ಞ, ಪತ್ರಿಕೆಯ ಛಾಯಾಗ್ರಾಹಕ, ಮೂವರೂ ಬಾಗಿಲಿನ ಹೊರಗಡೆಯ ಪಕ್ಷದವರೆಂಬುದನ್ನೂ ನೆನಪಿನಲ್ಲಿಡತಕ್ಕದ್ದು. ಒಳಗಿನವನು ಬರೆದದ್ದು ತನ್ನ ಮೈಮೇಲೆ ಮಾತ್ರ, ಮತ್ತು ಆ ಬರಹ ಅವನೊಡನೆಯೇ ಮಣ್ಣಾಗುತ್ತದೆ. ಉಳಿದಿರುವುದು ಇತರರು ತೆಗೆದ ಚಿತ್ರ. ಚಿತ್ರದಲ್ಲಿರುವವನನ್ನು ಅವನ ಹಚ್ಚೆಗೆ ಉತ್ತರ ಹೇಳೆಂದು ನಾವು ಈಗ ಕೇಳಲಾರೆವು. ಆದಕಾರಣ ಆ ಪ್ರಶ್ನೆ ತಿರುಗಿ ನಮ್ಮ ಕಡೆಗೆ ಬರುತ್ತದೆ: ಅವನ ಬಗೆಗೆ ನಾವು ಮಾಡಿಕೊಂಡ ಓದಿಗೆ ನಾವು ಉತ್ತರ ಹೇಳಬೇಕು.